ಹತ್ತುವವರು ಬಂಡೆ ಮೇಲೆ, ನೀವೆಲ್ಲಿ?

"ಅವರೇನೋ ಬಂಡೆ ಹತ್ತುತ್ತಿರ್ತಾರೆ. ಫೋಟೋ ತೆಗೆಯೋ ನೀವು ಎಲ್ಲಿ ನಿಂತಿರ್ತೀರ್ರೀ?" ಕಲಬುರಗಿಯಲ್ಲಿ ನಾನು ತೆಗೆದ ಫೋಟೋ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಡ್ರೋನ್ ಇರಬೇಕು ಬಿಡಿ ಅಂತ ಕೆಲವರು ತಾವೇ ಉತ್ತರ ಹೇಳಿಕೊಳ್ಳುವುದೂ ಉಂಟು. ಡ್ರೋನ್ ಅಲ್ಲ. ಹತ್ತುವವರಿಗಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ, ಬೇರೆ ಹಗ್ಗದಲ್ಲಿ ನಾನೂ ಜೋತಾಡುತ್ತಿರುತ್ತೇನೆ.

ಕೆಳಗೆ ನಿಂತು ತೆಗೆದರೆ ಸಿಗುವುದು ಬೂಟಿನ ಅಡಿ, ಪ್ಯಾಂಟಿನ ಹಿಂಭಾಗ. ಜೊತೆಗೆ ಬಂಡೆಯೂ ಕುಳ್ಳಗಾಗುತ್ತದೆ. ಮೇಲಿನಿಂದ ನೋಡಿದರೆ ಮುಖ ಕಾಣುತ್ತದೆ, ಬಿರುಕಿಗೆ ತುರುಕಿದ ಬೆರಳು ಕಾಣುತ್ತವೆ, ಅದರ ಹಿಂದೆ ಕೆಳಗಿನ ಹೊಲ, ರಸ್ತೆ ಚಿಕ್ಕದಾಗಿ ಕಾಣುತ್ತವೆ. ಎಷ್ಟು ಎತ್ತರ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಹೊಸಬರಿಗೆ ನಾನು ಹೇಳುವುದು: ಕ್ಯಾಮೆರಾ ಆಮೇಲೆ ತಗೊಳ್ಳಿ, ಮೊದಲು ಹಗ್ಗದ ಕೆಲಸ ಕಲಿಯಿರಿ. ಅದನ್ನೂ ವಿಡಿಯೋ ನೋಡಿಯಲ್ಲ, ತಿಳಿದವರ ಹತ್ತಿರ. ಅಮೆರಿಕದ ಗೇಲನ್ ರೊವೆಲ್ ಮೊದಲು ಕ್ಲೈಂಬರ್, ಆಮೇಲೆ ಫೋಟೋಗ್ರಾಫರ್. 1973ರಲ್ಲಿ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊಳೆ ಹೊಡೆಯದೆ ಹತ್ತಿದ ಮೂವರಲ್ಲಿ ಅವರೂ ಒಬ್ಬರು. ಹತ್ತುತ್ತಲೇ ಫೋಟೋನೂ ತೆಗೆದರು.

ನನ್ನ ಹಗ್ಗ ಸ್ಟ್ಯಾಟಿಕ್, ಅಂದರೆ ಹೆಚ್ಚು ಹಿಗ್ಗುವುದಿಲ್ಲ. ಹತ್ತುವವರು ಬಿದ್ದಾಗ ಅವರ ಹಗ್ಗ ಹಿಗ್ಗಿ ಏಟು ತಗ್ಗಿಸಬೇಕು. ನನ್ನದು ಹಾಗೆ ಹಿಗ್ಗಿದರೆ ಫ್ರೇಮ್ ಮೇಲೆ ಕೆಳಗೆ ಆಡುತ್ತದೆ. ಆಂಕರ್, ಅಂದರೆ ಹಗ್ಗ ಕಟ್ಟುವ ಆಧಾರ ಕೂಡ ಬೇರೆಯೇ. ಅವರ ನೆತ್ತಿಯ ಮೇಲೆ ನೇರವಾಗಿ ನಾನು ಎಂದೂ ಇರುವುದಿಲ್ಲ, ನನ್ನ ಕಾಲಿಗೆ ಸಿಕ್ಕಿದ ಸಣ್ಣ ಕಲ್ಲು ಸಾಕು ಅವರಿಗೆ ಪೆಟ್ಟಾಗಲು. ಕ್ಯಾಮೆರಾವನ್ನು ಹಾರ್ನೆಸ್‌ಗೆ, ಅಂದರೆ ಸೊಂಟ-ತೊಡೆಗೆ ಬಿಗಿಯುವ ಪಟ್ಟಿಗೆ ಕಟ್ಟಿರುತ್ತೇನೆ, ಲೆನ್ಸ್ ಕ್ಯಾಪನ್ನು ಬಂಡೆಯ ತುದಿಯಲ್ಲೇ ಬ್ಯಾಗಲ್ಲಿ ಬಿಟ್ಟು ಇಳಿಯುತ್ತೇನೆ. ಜೋತಾಡುತ್ತಾ ಲೆನ್ಸ್ ಬದಲಿಸುವ ಶೋಕಿ ಬೇಡ. ತುಂಬ ಹೊತ್ತು ನೇತಾಡಿದರೆ ಕಾಲು ಜೋಮು ಹಿಡಿಯುತ್ತದೆ. ಕೂರಲು ಒಂದು ಸಣ್ಣ ಹಲಗೆ ಕಟ್ಟಿಕೊಂಡರೆ ಆರಾಮ.

ಇನ್ನೊಂದು ಮಾತು, ಹತ್ತುವವರನ್ನು ಕೇಳದೆ ಹತ್ತಿರ ಹೋಗಬಾರದು. 2017ರಲ್ಲಿ ಅಮೆರಿಕದ ಕ್ಲೈಂಬರ್ ಅಲೆಕ್ಸ್ ಹೊನಾಲ್ಡ್ ಯೊಸೆಮಿಟಿಯಲ್ಲೇ ಇರುವ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ಹತ್ತಿದಾಗ, ಅತಿ ಕಷ್ಟದ ಜಾಗದಲ್ಲಿ ಕ್ಯಾಮೆರಾದವರು ಇರಲೇ ಇಲ್ಲ. ದೂರದಿಂದ ನಡೆಸುವ ಕ್ಯಾಮೆರಾ ಇಟ್ಟಿದ್ದರು. ಪಕ್ಕದಲ್ಲಿ ಒಬ್ಬ ಇದ್ದಾನೆ ಅನ್ನೋದೇ ಮನಸ್ಸು ಕದಲಿಸಬಹುದು, ಅಲ್ವಾ?

"ನಮ್ಮ ಕಡೆ ಬಂಡೆ ಎಲ್ಲಿದೆ?" ಅನ್ನೋರೂ ಇದ್ದಾರೆ. ಕಲಬುರಗಿಯ ಸುತ್ತ ಕರಿಕಲ್ಲು, ಶಹಾಬಾದ್ ಕಡೆ ಫರಸಿ, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ. ಹತ್ತಲು ಇವು ಅಷ್ಟಕ್ಕಷ್ಟೆ. ದಕ್ಷಿಣಕ್ಕೆ ಯಾದಗಿರಿ, ಶಹಾಪುರ, ಸುರಪುರಕ್ಕೆ ಹೋಗಿ ನೋಡಿ, ಗ್ರಾನೈಟ್ ಗುಡ್ಡಗಳೇ ಗುಡ್ಡಗಳು. ಫೋಟೋ ಕಲಿಯಲು ನನಗೆ ಬಾದಾಮಿಗಿಂತ ಇವೇ ಇಷ್ಟ. ಬಾದಾಮಿಯ ಕೆಂಪು ಮರಳುಗಲ್ಲು ಯಾರು ತೆಗೆದರೂ ಚೆಂದ ಬರುತ್ತದೆ, ಬ್ಯಾಗ್ ಮಾತ್ರ ಮಂಗಗಳಿಂದ ಕಾಯಬೇಕು. ಬೋಳು ಗ್ರಾನೈಟ್ ಹಾಗಲ್ಲ. ಬಿಸಿಲೇರಿದರೆ ಬೆಳ್ಳಗೆ ಕಣ್ಣು ಕುಕ್ಕುತ್ತದೆ, ಬೆಳಕು ಕಾಯುವುದನ್ನು ಕಲಿಸುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಇದು ಚಳಿಗಾಲದ ಕೆಲಸ. ಕಾದ ಕಲ್ಲಿನ ಮೇಲೆ ಬೆವರಿದ ಕೈ ಜಾರುತ್ತದೆ, ಹತ್ತುವವರೂ ಬರುವುದಿಲ್ಲ. ಹೆಜ್ಜೇನು ಕಟ್ಟಿದ ಬಂಡೆ ಕಂಡರೆ ಸುಮ್ನೆ ವಾಪಸ್ ಬನ್ನಿ. ಯಾದಗಿರಿ ಕೋಟೆಯ ಗೋಡೆಗೂ ಕೈ ಹಚ್ಚಬೇಡಿ.

ಕ್ಯಾಮೆರಾ ಓರೆ ಹಿಡಿದು ಇಳಿಜಾರನ್ನು ಕಡಿದಾದ ಗೋಡೆ ಮಾಡುವವರು ಜಾಸ್ತಿ ಆಗಿದ್ದಾರೆ. ನನಗೆ ಅದು ಸೇರದು. ಅಂಥ ಫೋಟೋದಲ್ಲಿ ಇಳಿಬಿದ್ದ ಹಗ್ಗವನ್ನು ನೋಡಿ. ಅದು ಸೊಟ್ಟಗೆ ತೂಗುತ್ತಿದ್ದರೆ ಓರೆಯಾಗಿರುವುದು ಕ್ಯಾಮೆರಾ.

ಹಗ್ಗಕ್ಕೆ ಜೋತುಬೀಳಲು ಮನಸ್ಸಿಲ್ಲವೇ? ಎದುರಿನ ಗುಡ್ಡ ಹತ್ತಿ, ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿ. ಮುಖ ಅಷ್ಟು ಸಿಗದಿದ್ದರೂ ಇಡೀ ಬಂಡೆ, ಅದರ ಮೇಲೆ ಬೆರಳುದ್ದದ ಒಬ್ಬ ಮನುಷ್ಯ ಸಿಗುತ್ತಾನೆ. ಹತ್ತುವವರಿಗೆ ಗಾಢ ಬಣ್ಣದ ಅಂಗಿ ಹಾಕಿಕೊಳ್ಳಲು ಮೊದಲೇ ಹೇಳಿರಿ. ಬೂದು ಅಂಗಿ ಹಾಕಿದರೆ ಗ್ರಾನೈಟ್ ಮೇಲೆ ಅವರನ್ನು ಹುಡುಕಲೂ ಆಗುವುದಿಲ್ಲ.