ಬಾಣೆಯ ಮೊಲ, ಬದುವಿನ ಏಡಿ

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ. ನಾಪೋಕ್ಲು ಹತ್ತಿರದ ಅತ್ತೆ ಮನೆಯ ಗದ್ದೆಯಲ್ಲಿ ಬದುವಿನ ತೂತು ಮುಚ್ಚುತ್ತಿದ್ದೆ. ಏಡಿ ಕೊರೆದರೆ ನೀರು ಕೆಳಗಿನ ಗದ್ದೆಗೆ ಸೋರಿ ಹೋಗುತ್ತದೆ. ಹಾಗಾಗಿ ಸಿಕ್ಕ ಏಡಿ ಸೀದಾ ಸಾರಿಗೆ.

ಆವತ್ತು ಸಿಕ್ಕಿದ್ದು ಒಂದು ಹೆಣ್ಣೇಡಿ. ತಿರುಗಿಸಿ ನೋಡಿದೆ. ಹೊಟ್ಟೆಯಡಿಯ ಅಗಲ ಮಡಿಕೆಯೊಳಗೆ ಏನೋ ಮಿಸುಕಾಡುತ್ತಿತ್ತು. ಮರಿಗಳು! ಸಾಸಿವೆಗಿಂತ ಒಂಚೂರು ದಪ್ಪ ಅಷ್ಟೇ. ಒಂದು ಮರಿ ನನ್ನ ಹೆಬ್ಬೆರಳಿಗೆ ಹತ್ತಿ ಅಡ್ಡಡ್ಡ ನಡೆಯಿತು. ಕೊಂಡಿ, ಕಾಲು, ಕಣ್ಣು ಎಲ್ಲವೂ ಇತ್ತು. ಕಡಲ ಏಡಿಯ ಮೊಟ್ಟೆಯಿಂದ ಬರುವ ಮರಿಗೆ ಏಡಿಯ ರೂಪವೇ ಇರುವುದಿಲ್ಲ, ಮೊದಲು ನೀರಲ್ಲಿ ತೇಲಾಡಿಕೊಂಡು ಬೆಳೆಯಬೇಕು. ಗದ್ದೆ ಏಡಿಯ ಮರಿ ಹುಟ್ಟುವಾಗಲೇ ಏಡಿ. ಆದರೂ ತಾಯಿ ಕೆಲ ದಿನ ಹೊಟ್ಟೆಗೆ ಕಟ್ಟಿಕೊಂಡೇ ತಿರುಗುತ್ತದೆ. ಅದನ್ನು ಮೆಲ್ಲಗೆ ತೋಡಿಗೆ ಬಿಟ್ಟೆ.

ಅಷ್ಟರಲ್ಲಿ ಬಾಣೆ (ಗದ್ದೆಗೆ ಸೇರಿದ ಹುಲ್ಲು-ಮರಗಳ ಎತ್ತರದ ಜಾಗ) ಕಡೆಯಿಂದ ಅತ್ತೆಯ ಮೊಮ್ಮಗಳು ಕೂಗಿದಳು. "ಮಾಮಾ, ಬೇಗ ಬನ್ನಿ!"

ಹುಲ್ಲಿನ ಬುಡದಲ್ಲಿ ಎರಡು ಕಾಡುಮೊಲದ ಮರಿಗಳು. ಬಿಲವಿಲ್ಲ, ಗೂಡಿಲ್ಲ. ಮೈತುಂಬ ಕೂದಲು, ಕಣ್ಣು ಪೂರ್ತಿ ತೆರೆದಿದೆ. ಮನೆಯಲ್ಲಿ ಸಾಕುವ ಮೊಲದ ಮರಿಯಾದರೆ ಬೋಳು ಮೈ, ಮುಚ್ಚಿದ ಕಣ್ಣು. ಇವು ಹುಟ್ಟುವಾಗಲೇ ಹೀಗೆ. ಮಳೆಹನಿ ಕಿವಿಯ ಮೇಲೆ ಬಿದ್ದರೂ ಅಲ್ಲಾಡಲಿಲ್ಲ.

"ಅಮ್ಮ ಬಿಟ್ಟು ಹೋಗಿದ್ದಾಳೆ, ಮನೆಗೆ ತಗೊಂಡು ಹೋಗೋಣ," ಎಂದು ಬಗ್ಗಿದಳು.

"ಮುಟ್ಟಬೇಡ ಮಗಾ," ಅತ್ತೆ ಹಿಂದಿನಿಂದ ಹೇಳಿದರು. "ಬಿಟ್ಟು ಹೋಗಿಲ್ಲ. ಕತ್ತಲಾಗಲಿ, ಬರ್ತಾಳೆ."

ಕಾಡುಮೊಲ ಹಿಡಿದು ಸಾಕಲು 1972ರ ವನ್ಯಜೀವಿ ಕಾಯ್ದೆಯೂ ಬಿಡುವುದಿಲ್ಲ. ನನಗೆ ಕಾಯ್ದೆಗಿಂತ ಅತ್ತೆಯ ಮಾತೇ ಜಾಸ್ತಿ ನಾಟಿತು. ಪಾಪ ಅಂತ ಎತ್ತಿಕೊಂಡು ಹೋದ ಎಷ್ಟು ಮರಿಗಳು ಹಾಲಿಲ್ಲದೆ ಸತ್ತಿರಬಹುದು ಅಲ್ವಾ? ತಾಯಿ ಪಕ್ಕದಲ್ಲೇ ಕೂತರೆ ಅವಳ ವಾಸನೆ ಹಿಡಿದು ನರಿ, ಕಾಡುಬೆಕ್ಕು ಬರುತ್ತವೆ. ಅದಕ್ಕೇ ದೂರ ಇರುತ್ತಾಳೆ. ಏಡಿಗೆ ಹೊತ್ತುಕೊಳ್ಳುವುದೇ ಕಾವಲು, ಮೊಲಕ್ಕೆ ಬಿಟ್ಟಿರುವುದೇ ಕಾವಲು.

ಸಂಜೆ ದೂರದ ಕಾಫಿ ಗಿಡದ ಹಿಂದೆ ಕೂತೆವು. ಕಾಲಿಗೆ ಜಿಗಣೆ ಹತ್ತಿದ್ದು ಗೊತ್ತಿದ್ದರೂ ಹುಡುಗಿ ಅಲ್ಲಾಡಲಿಲ್ಲ. ಇನ್ನೇನು ಕಣ್ಣಿಗೆ ಏನೂ ಕಾಣದು ಅನ್ನುವಾಗ ಹುಲ್ಲು ಸರಿಯಿತು. ಹಿಂಗತ್ತಿನಲ್ಲಿ ಕಪ್ಪು ಪಟ್ಟೆ. ಅವಳೇ. ಮರಿಗಳು ಹೊಟ್ಟೆಯಡಿ ನುಗ್ಗಿದವು. ಕೆಲವೇ ನಿಮಿಷ. ಆಮೇಲೆ ತಾಯಿ ಒಂದು ಕಡೆ ಹಾರಿ ಹೋದಳು. ಮರಿಗಳು ಒಂದೊಂದು ಒಂದೊಂದು ದಿಕ್ಕಿಗೆ ಸರಿದು ಹುಲ್ಲಿನಲ್ಲಿ ಅಡಗಿದವು.