‘ಹೆನ್ಸ್’ ಎಂಬ ಪದದ ಕೆಳಗಿನ ಖಾಲಿ ಜಾಗ

2014ರಲ್ಲಿ ನಾನು ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ರಾಯಚೂರಿಗೆ ಬಂದು ಅಲ್ಲಿನ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಸಿಕ್ಕ ಮೀಸಲಾತಿ ಆಗಷ್ಟೇ ಜಾರಿಗೆ ಬಂದಿದ್ದು, ನಮ್ಮ ಭಾಗದ ಮಕ್ಕಳಿಗೆ ಇನ್ನು ಉನ್ನತ ಓದಿನ ಸೀಟಿಗೆ ಕೊರತೆಯಿಲ್ಲವೆಂದು ಊರಿನ ಹಿರಿಯರು ಸಂತೋಷಪಡುತ್ತಿದ್ದ ಕಾಲವದು. ಸೀಟು ಸಿಕ್ಕ ಮೇಲೆ ಆರು ಸೆಮಿಸ್ಟರ್ ತಾಳಿ ನಿಲ್ಲುವುದು ಬೇರೆಯೇ ಕೆಲಸವೆಂದು ನನಗೆ ತಿಳಿದದ್ದು ಮೊದಲ ಸೆಮಿಸ್ಟರಿನ ಗಣಿತದಲ್ಲಿ ಫೇಲಾದಾಗ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಪಿಯುಸಿಯನ್ನು ಗೈಡು ಬಾಯಿಪಾಠ ಮಾಡಿಯೇ ದಾಟಿದ್ದೆ.

ಎರಡನೆಯ ಸೆಮಿಸ್ಟರಿನ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಅಂಕ ಬಂದವು. ಗಣಿತದ ಸರ್ ಉತ್ತರ ಪತ್ರಿಕೆಯನ್ನು ಕೈಗೆ ಕೊಟ್ಟು ಕಳಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ನಾನು ಎಲ್ಲಿಯವರೆಗೆ ಸರಿಯಾಗಿ ಬಂದಿದ್ದೇನೆಂದು ಸಾಲು ಸಾಲಾಗಿ ಪೆನ್ಸಿಲ್ ಇಟ್ಟು ನೋಡಿದರು. ದೊಡ್ಡ ಘಾತದ ಅನುಕಲನವನ್ನು ಹಂತಹಂತವಾಗಿ ಚಿಕ್ಕದಾಗಿಸುವ ಸೂತ್ರವಾದ ರಿಡಕ್ಷನ್ ಫಾರ್ಮುಲಾವನ್ನು ನಾನು ತಪ್ಪಿಲ್ಲದೆ ತೆಗೆದಿದ್ದೆ. ಅದರ ಮುಂದೆ ‘ಹೆನ್ಸ್ ಇವ್ಯಾಲ್ಯುಯೇಟ್’ ಎಂದು ಕೇಳಿದ್ದಲ್ಲಿ ಪುಟ ಖಾಲಿಯಿತ್ತು.

“ಇದನ್ಯಾಕ ಬಿಟ್ಟೆಪಾ?”

“ಅದು ಬ್ಯಾರೆ ಲೆಕ್ಕ ಅನ್ಕೊಂಡೆ, ಸರ್.”

“ಹೆನ್ಸ್ ಅಂದ್ರ ‘ಹಂಗಾಗಿ’ ಅಂತ ತಿಳ್ಕೊ. ಮ್ಯಾಲೆ ನೀನ ತೆಗೆದ ಸೂತ್ರಾನ ಇಲ್ಲಿ ಹಾಕಬೇಕು.”

ಮೂರೇ ಸಾಲಿನಲ್ಲಿ ಉತ್ತರ ಬಂತು. ನನಗೆ ಲೆಕ್ಕ ಬಾರದೆಂದು ನಾನೇ ನಂಬಿ ಕುಳಿತಿದ್ದ ಆ ತಿಂಗಳುಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಸರ್ ಅಷ್ಟಕ್ಕೇ ನಿಲ್ಲಿಸದೆ, ಹಿಂದುಳಿದವರಿಗೆಂದು ಸಂಜೆ ನಾಲ್ಕೂವರೆಗೆ ಪ್ರತ್ಯೇಕ ತರಗತಿ ಆರಂಭಿಸಿದರು. ಮೊದಲ ವಾರ ಬಂದವರು ನಾಲ್ಕೇ ಜನ. ಹುಡುಗರಿಗೆ ಆಸಕ್ತಿಯಿಲ್ಲವೆಂದು ಕೈಬಿಡುವುದು ಸುಲಭವಿತ್ತು. ಅವರು ಒಬ್ಬೊಬ್ಬರನ್ನೇ ಕರೆದು ಕೇಳಿದಾಗ, ಬಹುತೇಕರ ಊರಿನ ಕೊನೆಯ ಬಸ್ಸು ಐದಕ್ಕೇ ಹೊರಡುತ್ತದೆಂಬ ಸಂಗತಿ ಹೊರಬಂತು. ತರಗತಿಯನ್ನು ಊಟದ ಬಿಡುವಿಗೆ ತಂದರು. ‘ದಡ್ಡರ ಕ್ಲಾಸು’ ಎಂಬ ಮಾತು ಹುಡುಗಿಯರನ್ನು ಬಹಳ ನೋಯಿಸುತ್ತಿದ್ದುದರಿಂದ, ಹೆಚ್ಚು ಅಂಕ ತೆಗೆಯುವವರನ್ನೂ ಅಲ್ಲಿಗೇ ಕರೆತಂದು ನಮ್ಮ ಪಕ್ಕ ಕೂರಿಸಿದರು. ಬುತ್ತಿ ಬಿಚ್ಚಿ, ರೊಟ್ಟಿ ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುತ್ತಲೇ ಲೆಕ್ಕ ಮಾಡುತ್ತಿದ್ದೆವು. ಹೀಗೆ ಮೂವತ್ತಕ್ಕೂ ಹೆಚ್ಚು ಜನ ಸೇರತೊಡಗಿದರು. ಇಂಥ ಪರಿಹಾರ ಬೋಧನೆಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಯೋಜನೆಯೂ ಇತ್ತೆಂದು ಮುಂದೆ ತಿಳಿಯಿತು, ಆದರೆ ಬಸ್ಸಿನ ವೇಳೆಯನ್ನು ಕೇಳಿ ತಿಳಿಯುವ ಕೆಲಸವನ್ನು ಯಾವ ಯೋಜನೆಯೂ ಮಾಡಿಕೊಡಲಾರದು. ಮುಂದಿನ ವರ್ಷ ಉಳಿದಿದ್ದ ಗಣಿತದ ಪತ್ರಿಕೆಯನ್ನು ಪಾಸು ಮಾಡಿಕೊಂಡೆ.

ಈಗ ನಾನೂ ಪಾಠ ಹೇಳುವವನು. ಮೊದಲ ಕಿರುಪರೀಕ್ಷೆಗೂ ಮುಂಚೆಯೇ ಹಾಜರಿ ಪುಸ್ತಕ ಹಿಡಿದು ಕೂರುತ್ತೇನೆ, ಸತತ ನಾಲ್ಕು ದಿನ ಬಾರದವರ ಮನೆಗೆ ಫೋನು ಮಾಡುತ್ತೇನೆ. ಅದಕ್ಕೆ ಕಾರಣ ನನ್ನೊಡನೆ ಅದೇ ಬಸ್ಸಿನಲ್ಲಿ ಬರುತ್ತಿದ್ದ ನಮ್ಮೂರಿನ ಗೆಳೆಯ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಮೊದಲ ವರ್ಷದ ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೊರಟಾಗ ಅವನೂ ಹೊರಟುಹೋದ. ಅವನ ಹೆಸರಿನ ಮುಂದೆ ಕೆಲವು ವಾರ ಗೈರುಹಾಜರಿ ಬಿದ್ದು, ಆಮೇಲೆ ಹೆಸರು ಕೂಗುವುದೂ ನಿಂತಿತು. ಸರ್ ಅವರ ತರಗತಿ ಆರಂಭವಾದದ್ದು ಫೆಬ್ರುವರಿಯಲ್ಲಿ.