ಅಮೋಲ್ ಮಜುಂದಾರ್ ಅವರ 11,167 ರನ್‌ಗಳು

2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ಭಾರತದ ಮಹಿಳಾ ತಂಡ ವಿಶ್ವಕಪ್ ಗೆದ್ದಾಗ ನಾಯಕಿ ಹರ್ಮನ್‌ಪ್ರೀತ್ ಕೌರ್ ಕೋಚ್ ಅಮೋಲ್ ಮಜುಂದಾರ್ ಅವರ ಕಾಲಿಗೆರಗಿದರು. ಅದರ ಬೆನ್ನಿಗೇ ಹಳೆಯ ಕಥೆಯೊಂದು ಮತ್ತೆ ಎಲ್ಲೆಡೆ ಓಡಾಡಿತು. 1988ರ ಶಾಲಾ ಪಂದ್ಯವೊಂದರಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್‌ಗಳ ಜೊತೆಯಾಟವಾಡುತ್ತಿದ್ದಾಗ, ಮುಂದಿನ ಸರದಿಯಲ್ಲಿದ್ದ ಹದಿಮೂರರ ಹುಡುಗ ಅಮೋಲ್ ಪ್ಯಾಡ್ ಕಟ್ಟಿಕೊಂಡು ಕುಳಿತೇ ಇದ್ದ ಕಥೆಯದು. ಕಥೆ ನಿಜವೇ. ಆದರೆ ಅದನ್ನೇ ಅವರ ಇಡೀ ಬದುಕಿನ ಸಾರವೆಂಬಂತೆ ಹೇಳುವಾಗ, ಅವರು ಕ್ರೀಸಿನಲ್ಲಿ ಕಳೆದ ಇಪ್ಪತ್ತು ವರ್ಷಗಳನ್ನು ನಾವು ಮರೆತುಬಿಡುತ್ತೇವೆ.

1994ರಲ್ಲಿ ಹರಿಯಾಣದ ವಿರುದ್ಧ ಆಡಿದ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲೇ ಅವರು 260 ರನ್ ಹೊಡೆದರು. ಪಾದಾರ್ಪಣೆಯ ಪಂದ್ಯದಲ್ಲಿ ಅಷ್ಟು ರನ್ ಗಳಿಸಿದವರು ಅದುವರೆಗೆ ಜಗತ್ತಿನಲ್ಲೇ ಇರಲಿಲ್ಲ. ಮುಂದಿನ ಹೆಜ್ಜೆ ಭಾರತ ತಂಡ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಅಷ್ಟರಲ್ಲಿ 1996ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಗಂಗೂಲಿ 131, ದ್ರಾವಿಡ್ 95 ರನ್ ಗಳಿಸಿ ತಳವೂರಿದರು. ಅದೇ ವರ್ಷ ಲಕ್ಷ್ಮಣ್ ಕೂಡ ಬಂದರು. ತೆಂಡೂಲ್ಕರ್ ಅಂತೂ ಇದ್ದೇ ಇದ್ದರು. ಮಜುಂದಾರ್ ಅವರಿಗೆ ಭಾರತ ತಂಡದಲ್ಲಿ ಜಾಗ ಸಿಗಲೇ ಇಲ್ಲ. ದ್ರಾವಿಡ್ ಅವರ ಒಂದೊಂದು ರನ್ನಿಗೂ ಹಿಗ್ಗುತ್ತಿದ್ದ ನಮ್ಮಂಥ ಕನ್ನಡಿಗರಿಗೆ, ಅದೇ ಮಧ್ಯಮ ಕ್ರಮಾಂಕಕ್ಕೆ ಅರ್ಹರಾದ ಇನ್ನೊಬ್ಬರು ಮುಂಬಯಿಯಲ್ಲಿ ಶತಕದ ಮೇಲೆ ಶತಕ ಹೊಡೆಯುತ್ತಿರುವುದು ನೆನಪಿಗೂ ಬರುತ್ತಿರಲಿಲ್ಲ.

ನನಗೆ ಅವರ ವೃತ್ತಿಜೀವನದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ರಾಜ್ಯ ತಂಡಗಳ ನಡುವಿನ ರಣಜಿ ಟ್ರೋಫಿಯ 2006-07ರ ಋತು. ನಾಯಕರಾಗಿ ಅವರ ಕೈಗೆ ಬಂದ ಮುಂಬಯಿ ತಂಡ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ರಣಜಿ ಟ್ರೋಫಿಯನ್ನು ಮನೆಯ ಆಸ್ತಿಯೆಂದೇ ತಿಳಿಯುವ ಆ ಊರಿನಲ್ಲಿ ಸೋತ ನಾಯಕನ ಪಾಡು ಸುಲಭದ್ದಲ್ಲ. ಅಲ್ಲಿಂದ ಚೇತರಿಸಿಕೊಂಡು ಸೆಮಿಫೈನಲ್ ತಲುಪಿದ ತಂಡ, ಬರೋಡಾ ವಿರುದ್ಧ ಎರಡನೇ ಇನ್ನಿಂಗ್ಸ್‌ನಲ್ಲಿ ಒಂದೂ ರನ್ ಗಳಿಸದೆ ಐದು ವಿಕೆಟ್ ಕಳೆದುಕೊಂಡಿತು. ಆ ಪಂದ್ಯವನ್ನೂ ಗೆದ್ದಿತು. (ಮುಂಬಯಿ ಗೆಲ್ಲಲಿ ಎಂದು ಬಯಸುವ ಅಭ್ಯಾಸ ಕರ್ನಾಟಕದವರಿಗಿಲ್ಲ, ಆದರೂ ಆ ಪಂದ್ಯದ ಸ್ಕೋರ್‌ಕಾರ್ಡ್‌ಗೆ ಮನಸ್ಸು ಸೋಲುತ್ತದೆ.) ವಾಂಖೆಡೆಯಲ್ಲಿ ಬಂಗಾಳದ ವಿರುದ್ಧ ನಡೆದ ಫೈನಲ್‌ನಲ್ಲಿ ಎದುರಾಳಿ ತಂಡದಲ್ಲಿ ಗಂಗೂಲಿ ಇದ್ದರು, ಮಜುಂದಾರ್ ಅವರ ನಾಯಕತ್ವದಲ್ಲಿ ಆಡಿದ ತೆಂಡೂಲ್ಕರ್ ಶತಕ ಹೊಡೆದರು, ಮುಂಬಯಿ ಟ್ರೋಫಿ ಗೆದ್ದಿತು. ಪ್ಯಾಡ್ ಕಟ್ಟಿಕೊಂಡು ಕಾದ ಹುಡುಗನ ಕಥೆ ಹೇಳುವವರು ಈ ಪಂದ್ಯವನ್ನು ನೆನೆಯುವುದು ಕಡಿಮೆ.

2009ರಲ್ಲಿ ಮುಂಬಯಿ ತಂಡ ಬಿಟ್ಟಾಗ ಅವರ ವಯಸ್ಸು ಮೂವತ್ತನಾಲ್ಕು. ಅಲ್ಲಿಗೇ ಆಟ ನಿಲ್ಲಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಅಸ್ಸಾಂ ತಂಡಕ್ಕೆ, ಬಳಿಕ ಆಂಧ್ರಕ್ಕೆ ಆಡಲು ಹೋದರು. ಪ್ರಶಸ್ತಿಯ ಆಸೆಯೂ ಪ್ರೇಕ್ಷಕರ ಗದ್ದಲವೂ ಅಷ್ಟಾಗಿ ಇಲ್ಲದ ಪಂದ್ಯಗಳಲ್ಲಿ, ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಹುಡುಗರ ಜೊತೆ ಬ್ಯಾಟ್ ಬೀಸುತ್ತ, 2014ರಲ್ಲಿ ನಿವೃತ್ತರಾಗುವ ಹೊತ್ತಿಗೆ 171 ಪಂದ್ಯಗಳಿಂದ 30 ಶತಕಗಳೊಂದಿಗೆ 11,167 ರನ್ ಕೂಡಿಹಾಕಿದ್ದರು. ಸರಾಸರಿ 48ಕ್ಕೂ ಹೆಚ್ಚು. ಆ 260ರ ದಾಖಲೆಯನ್ನು 2018ರಲ್ಲಿ ಮಧ್ಯಪ್ರದೇಶದ ಅಜಯ್ ರೊಹೆರಾ ಅಜೇಯ 267 ರನ್ ಹೊಡೆದು ಮುರಿದರು. ಅಷ್ಟರಲ್ಲಿ ಅದಕ್ಕೆ ಇಪ್ಪತ್ತನಾಲ್ಕು ವರ್ಷ ತುಂಬಿತ್ತು.